ಒಂದ್ಸುತ್ತಕ್ಕ ಬೆಟ್ಟ ಹತ್ತಿದ ದಿನ

ವಿಮಾನ ನಿಲ್ದಾಣದ ಹಿಂಬದಿಯಲ್ಲಿ, ಬಾಡಿಗೆ ಕಾರುಗಳು ಸಾಲಾಗಿ ನಿಲ್ಲುವ ಅಂಗಳದಲ್ಲಿ, ಅವಳನ್ನು ಎಲ್ಲರೂ ಒಂದ್ಸುತ್ತಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ಕಾರಣ ಅವಳ ಬಾಯಲ್ಲೇ ಇತ್ತು. ಪ್ರಯಾಣ ಮಾಡಿ ಸುಸ್ತಾದವರು ಕೀಲಿಗೆಂದು ಕೈ ಚಾಚಿದರೆ, ಇವಳು ಕೀಲಿಯನ್ನು ಮುಷ್ಟಿಯಲ್ಲೇ ಬಿಗಿಹಿಡಿದು, "ಮೊದ್ಲು ಗಾಡಿನ ಒಂದ್ಸುತ್ತು ಹಾಕಿ ಬರೋಣ ಬನ್ನಿ" ಎನ್ನುತ್ತಿದ್ದಳು.

"ಎಲ್ಲೆಲ್ಲಿ ಗೀರಿದೆ, ಎಲ್ಲೆಲ್ಲಿ ತಗ್ಗಾಗಿದೆ, ಎಲ್ಲಾ ಫೋಟೋ ತಗೊಳ್ಳಿ. ಆಮೇಲೆ ನಿಮ್ಮ ಗೀರಾ ನಮ್ಮ ಗೀರಾ ಅಂತ ಜಗಳ ಬೇಡ. ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯಾ ನೋಡಿ, ಅದರಲ್ಲಿ ಗಾಳಿ ಇದೆಯಾ ಒತ್ತಿ ನೋಡಿ. ಪೆಟ್ರೋಲೋ ಡೀಸೆಲೋ ಅಂತ ಮುಚ್ಚಳದ ಒಳಗಡೆ ಬರೆದಿದೆ, ಓದ್ಕೊಳ್ಳಿ. ವೈಪರ್ ಎಲ್ಲಿ, ದೀಪದ ಗುಂಡಿ ಎಲ್ಲಿ, ಇಲ್ಲೇ ನಿಂತು ಹುಡುಕಿ. ಮಳೆ ಶುರುವಾದ್ಮೇಲೆ ಹುಡುಕ್ಬೇಡಿ."

ಕೆಲವರು ಗೊಣಗುತ್ತಿದ್ದರು. "ಏನಮ್ಮ, ಕಾರು ಕೊಡ್ತಿದ್ದೀರೋ, ಪರೀಕ್ಷೆ ತಗೊಳ್ತಿದ್ದೀರೋ?" ಎಂದು ಒಬ್ಬರು ಕೇಳಿದ್ದಕ್ಕೆ, "ಪಾಸಾದ್ರೆ ಕೀಲಿ" ಎಂದು ನಗದೆಯೇ ಹೇಳಿದ್ದಳು.

ಇಷ್ಟೆಲ್ಲ ಹೇಳುವ ಒಂದ್ಸುತ್ತಕ್ಕ ಆ ಅಂಗಳ ಬಿಟ್ಟು ಆಚೆ ಕಾರು ಓಡಿಸಿದವಳೇ ಅಲ್ಲ. ಲೈಸೆನ್ಸ್ ಇತ್ತು, ಕೈ ಪಳಗಿತ್ತು, ಎಂಥ ಇಕ್ಕಟ್ಟಿನಲ್ಲೂ ಹಿಂದಕ್ಕೆ ತೆಗೆದು ನಿಲ್ಲಿಸುತ್ತಿದ್ದಳು. ಆದರೆ ತೊಳೆಯುವ ಕಟ್ಟೆಯಿಂದ ಸಾಲಿಗೆ, ಸಾಲಿನಿಂದ ಗೇಟಿಗೆ, ಅಲ್ಲಿಗೆ ಅವಳ ದಾರಿ ಮುಗಿಯುತ್ತಿತ್ತು. ಸ್ವಂತ ಗಾಡಿ ಇರಲಿಲ್ಲ, ಮನೆಗೆ ಬಸ್ಸು. ಗಂಡ ಮನೆಯಲ್ಲೇ ಕಾರಿನ ಸೀಟಿಗೆ ಕವರು ಹೊಲಿಯುವವನು, ಬಸ್ಸಿನಲ್ಲಿ ಕೂತರೂ ತಲೆ ಸುತ್ತುತ್ತದೆ ಎನ್ನುವ ಪ್ರಾಣಿ. ಊರೂರು ಅಲೆದು ವಾಪಸು ಬಂದ ಕಾರುಗಳ ಚಕ್ರದ ಸಂದಿಯಲ್ಲಿ ಕೆಂಪು ಮಣ್ಣು ಮೆತ್ತಿರುತ್ತಿತ್ತು, ಕಾಲ್ಚಾಪೆಯ ಮೇಲೆ ಸಮುದ್ರದ ಮರಳು, ವೈಪರಿನ ಕೆಳಗೆ ಯಾವುದೋ ಮರದ ಸೂಜಿಯಂಥ ಎಲೆ. ಅವಳು ಕಂಡ ಪ್ರಪಂಚ ಅಷ್ಟೇ.

ಒಂದು ದಿನ ಮಧ್ಯಾಹ್ನ, ಅವಳ ಪಾಳಿ ಮುಗಿಯುವ ಹೊತ್ತಿಗೆ, ಕೌಂಟರಿನ ಮುಂದೆ ಒಬ್ಬ ಅಜ್ಜಿ ನಿಂತಿದ್ದಳು. ಬಿಗಿಯಾಗಿ ಕಟ್ಟಿದ ಬಿಳಿ ಕೂದಲು, ಕಾಲಿಗೆ ಗಟ್ಟಿ ಬೂಟು, ಕೈಯಲ್ಲೊಂದು ಸಣ್ಣ ಚೀಲ. ಕಾರನ್ನು ಮುಂಚೆಯೇ ಕಾದಿರಿಸಿದ್ದಳು. ಆದರೆ ಕೌಂಟರಿನಲ್ಲಿದ್ದ ಮ್ಯಾನೇಜರು ಅವಳ ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು.

"ಇದರ ಅವಧಿ ಮುಗಿದಿದೆ ಅಮ್ಮ. ಹೊರಡೋ ಮುಂಚೆ ಒಮ್ಮೆ ದಿನಾಂಕ ನೋಡ್ಕೊಂಡಿದ್ರೆ ಚೆನ್ನಾಗಿತ್ತು. ಈಗ ನಾನು ಗಾಡಿ ಕೊಡೋ ಹಾಗಿಲ್ಲ. ಟ್ಯಾಕ್ಸಿ ತರಿಸ್ಲಾ?"

"ಟ್ಯಾಕ್ಸಿಯವರು ಸುರಂಗದಲ್ಲಿ ಹೋಗ್ತಾರೆ" ಎಂದಳು ಅಜ್ಜಿ. "ನನಗೆ ಸುರಂಗ ಬೇಡ. ಬೆಟ್ಟದ ಮೇಲಿನ ಹಳೇ ದಾರಿ ಬೇಕು. ಇವತ್ತು ಹೊತ್ತು ಮುಳುಗಿದ್ಮೇಲೆ ಅದನ್ನ ಮುಚ್ತಾರಂತೆ. ಆಮೇಲೆ ಗಾಡಿ ಬಿಡಲ್ವಂತೆ."

ಹೌದು, ಆ ವಾರ ಸುರಂಗ ತೆರೆದಿತ್ತು. ಹಳೇ ದಾರಿಗೆ ಅದೇ ಕೊನೆಯ ದಿನ. ಯಾವ ಟ್ಯಾಕ್ಸಿಯವನೂ ಅಷ್ಟೊಂದು ತಿರುವು ಸುತ್ತಿಕೊಂಡು ಬರಲು ಒಪ್ಪುತ್ತಿರಲಿಲ್ಲ.

"ಅಲ್ಲಿ ಯಾರಿದ್ದಾರಜ್ಜೀ?" ಎಂದು ಒಂದ್ಸುತ್ತಕ್ಕ ಕೇಳಿದಳು.

"ಆಚೆ ಊರಲ್ಲಿ ತಮ್ಮ ಇದ್ದಾನೆ. ದಾರಿ ಮಾತ್ರ ನಮ್ಮಪ್ಪಂದು. ಬೆಟ್ಟ ಕಡಿದು ಅದನ್ನ ಮಾಡಿದೋರಲ್ಲಿ ಅಪ್ಪನೂ ಒಬ್ಬ."

ಅಷ್ಟು ಹೇಳಿ ಅಜ್ಜಿ ಲೈಸೆನ್ಸನ್ನು ಚೀಲಕ್ಕೆ ಹಾಕಿಕೊಂಡಳು. ಗೋಗರೆಯಲಿಲ್ಲ. ಅದೇ ಅಕ್ಕನ ಮನಸ್ಸಿಗೆ ನಾಟಿತು. ತಾನೇನು ಹೇಳುತ್ತಿದ್ದೇನೆ ಎಂದು ತನಗೇ ತಿಳಿಯುವ ಮುಂಚೆ, "ಸಾರ್, ಗಾಡಿ ನನ್ನ ಹೆಸರಿಗೆ ಬರ್ಕೊಳ್ಳಿ. ನಾನು ಓಡಿಸ್ತೀನಿ" ಎಂದಳು.

ಮ್ಯಾನೇಜರು ಮೇಲಿಂದ ಕೆಳಗೆ ನೋಡಿದರು. "ಬೆಟ್ಟದ ರಸ್ತೇಲಾ? ನೀವಾ?"

"ಲೈಸೆನ್ಸ್ ಇದೆಯಲ್ಲ ಸಾರ್."

"ಸರಿ. ಹೋಗೋ ಮುಂಚೆ ಒಂದ್ಸುತ್ತು ಹಾಕಿ" ಎಂದು ಮ್ಯಾನೇಜರು ನಕ್ಕರು. ಅವಳು ನಿಜವಾಗಿಯೂ ಹಾಕಿದಳು. ಗಂಡನಿಗೆ ಫೋನು ಮಾಡಿ, ಬರುವುದು ತಡವಾಗುತ್ತದೆ, ಬೆಟ್ಟಕ್ಕೆ ಹೋಗುತ್ತಿದ್ದೇನೆ ಎಂದಳು. "ಯಾವ ಬೆಟ್ಟ?" ಎಂದ ಅವನು. ಅಷ್ಟರಲ್ಲಿ ಅವಳು ಫೋನು ಇಟ್ಟಾಗಿತ್ತು. ಗಾಡಿ ಗೇಟು ದಾಟಿತು.

ಬಯಲು ಮುಗಿಯುವವರೆಗೆ ಎಲ್ಲ ಸರಾಗ. ಮೊದಲ ತಿರುವಿನಲ್ಲಿ ಸ್ಟಿಯರಿಂಗನ್ನು ಬಿಗಿಹಿಡಿದಳು. ಮೂರನೆಯದರಲ್ಲಿ ಒಂದು ಪಕ್ಕ ನೆಲವೇ ಇಲ್ಲದಂತಾಗಿ ಅವಳ ಕಣ್ಣು ಹಳ್ಳದತ್ತಲೇ ಹೋಯಿತು. ಅಜ್ಜಿ ಕಿಟಕಿಯಾಚೆ ನೋಡುತ್ತಲೇ, "ಸೆಕೆಂಡ್ ಗೇರಿಗೆ ಬಾ ಮಗಳೇ. ತಿರುವಿಗೆ ಮುಂಚೆ ಹಾರನ್ ಮಾಡು. ಹಳ್ಳ ನೋಡ್ಬೇಡ, ದಾರಿ ಎತ್ತ ಹೋಗುತ್ತೋ ಅತ್ತ ನೋಡು" ಎಂದಳು. ಅವಳ ಮಾತಿನಲ್ಲಿ ಅವಸರವಿರಲಿಲ್ಲ. ಅಕ್ಕನ ಭುಜ ಸಡಿಲವಾಯಿತು. ತಿರುವು ಕಳೆದು ತಿರುವು ಬಂತು. ಕಾಡು ಕೆಳಗುಳಿಯಿತು, ಮೋಡದ ತುಣುಕುಗಳು ರಸ್ತೆ ದಾಟಿ ಹೋದವು, ಗಾಳಿ ತಣ್ಣಗಾಯಿತು.

ನೆತ್ತಿಗೆ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ಅಜ್ಜಿ ನಿಲ್ಲಿಸಲು ಹೇಳಿದಳು. ಅಲ್ಲಿ ರಸ್ತೆಯ ಪಕ್ಕ ಬಂಡೆ ಗೋಡೆಯಂತೆ ನೆಟ್ಟಗೆ ಎದ್ದಿತ್ತು. ಅದರ ಮೈತುಂಬ ಉದ್ದುದ್ದ ಗೀರುಗಳು, ಕೊಳವೆಯನ್ನು ಉದ್ದಕ್ಕೆ ಸೀಳಿಟ್ಟಂತೆ.

"ಉಳಿ ಸುತ್ತಿಗೆ ಹಿಡಿದು ತೂತು ಕೊರೀತಿದ್ರು" ಎಂದಳು ಅಜ್ಜಿ. "ಅದಕ್ಕೆ ಮದ್ದು ತುಂಬಿ ಬಂಡೆ ಸಿಡಿಸ್ತಿದ್ರು. ಇಲ್ಲಿ ಕಾಲಿಡೋಕೂ ಜಾಗ ಇರಲಿಲ್ಲ. ಮೇಲಿಂದ ಹಗ್ಗ ಇಳಿಬಿಟ್ಟು, ಅದನ್ನ ಸೊಂಟಕ್ಕೆ ಕಟ್ಕೊಂಡು ಅಪ್ಪ ನೇತಾಡ್ತಿದ್ದ. ನಾನೂ ಅಮ್ಮನೂ ಬುತ್ತಿ ತಂದು ಆ ಕಡೆ ನಿಲ್ತಿದ್ವಿ. ಅಮ್ಮ ಮೇಲೆ ನೋಡ್ತಿರಲಿಲ್ಲ. ನಾನು ನೋಡ್ತಿದ್ದೆ."

ಅಕ್ಕ ಒಂದು ಗೀರಿನೊಳಗೆ ಅಂಗೈ ಇಟ್ಟಳು. ಒಳಗೆ ನುಣುಪು, ತಣ್ಣಗೆ. ತಲೆಯೆತ್ತಿದರೆ ಗೀರುಗಳು ಮೇಲೆ ಮೇಲೆ ಹೋಗುತ್ತಲೇ ಇದ್ದವು. ಮನುಷ್ಯರು ಇದನ್ನು ಕೈಯಾರೆ ಮಾಡಿದರು, ತಾನು ಇಷ್ಟು ಹೊತ್ತು ಕೂತು ಬಂದದ್ದು ಅವರು ಕಡಿದ ಜಾಗದ ಮೇಲೆ ಎಂದು ಹೊಳೆದಾಗ ಅವಳ ಮೈ ಜುಮ್ಮೆಂದಿತು. ಇನ್ನೊಂದು ಅಂಗೈಯನ್ನೂ ಬಂಡೆಗೆ ಒತ್ತಿದಳು.

ಆಗಲೇ ಕಿವಿಗೆ ದಿನವೂ ಕೇಳುವ ಮೊರೆತ ಬಿತ್ತು. ರೂಢಿಯಂತೆ ಅವಳು ಆಕಾಶ ನೋಡಿದಳು. ಅಲ್ಲೇನೂ ಇರಲಿಲ್ಲ.

"ಕೆಳಗೆ ನೋಡು" ಎಂದಳು ಅಜ್ಜಿ.

ಕಣಿವೆಯೊಳಗೆ, ಅವರ ಕಾಲಿನಿಂದ ಎಷ್ಟೋ ಕೆಳಗೆ, ನಿಲ್ದಾಣದತ್ತ ಒಂದು ವಿಮಾನ ತೇಲಿಕೊಂಡು ಹೋಗುತ್ತಿತ್ತು. ಹಗಲೆಲ್ಲ ತಲೆಯ ಮೇಲೆ ಹಾರುವ ವಿಮಾನಗಳ ಹೊಟ್ಟೆಯನ್ನಷ್ಟೇ ಅವಳು ಇಷ್ಟು ವರ್ಷ ನೋಡಿದ್ದು. ಈಗ ಅದರ ಬೆನ್ನು ಕಾಣುತ್ತಿತ್ತು. ಇಳಿಬಿಸಿಲು ರೆಕ್ಕೆಗಳ ಮೇಲೆ ಹರಡಿತ್ತು. ಅದರ ನೆರಳು ಮರಗಳ ಮೇಲೆ ಹತ್ತಿ ಇಳಿದು ಮೀನಿನ ಹಾಗೆ ಜಾರುತ್ತಿತ್ತು. ದೂರದ ಬಯಲಿನಲ್ಲಿ ನಿಲ್ದಾಣ ಬೆಂಕಿಪೆಟ್ಟಿಗೆಯಷ್ಟಾಗಿತ್ತು. ತನ್ನ ಅಂಗಳ ಎಲ್ಲಿದೆಯೆಂದು ಹುಡುಕಿದಳು, ಸಿಗಲಿಲ್ಲ. ಕಣ್ಣಲ್ಲಿ ನೀರು ಯಾಕೆ ಬಂತೆಂದು ಅವಳಿಗೆ ಗೊತ್ತಾಗಲಿಲ್ಲ. ಅಂಗೈಯಿಂದ ಒರೆಸಿಕೊಂಡು ಕಾರು ಹತ್ತಿದಳು.

ನೆತ್ತಿ ದಾಟುವಾಗ ಅಜ್ಜಿ ಮೆಲ್ಲಗೆ ಕೇಳಿದಳು: "ಒಂದೇ ಒಂದು ತಿರುವು ನಾನು ಓಡಿಸ್ಲಾ?"

"ಆಗಲ್ಲ ಅಜ್ಜೀ. ಗಾಡಿ ನನ್ನ ಹೆಸರಲ್ಲಿದೆ, ನಿಮ್ಮ ಲೈಸೆನ್ಸ್ ಮುಗಿದಿದೆ. ಬೇರೆಯವರ ಕೈಗೆ ಕೊಡ್ಬೇಡಿ ಅಂತ ದಿನಾ ಹೇಳೋಳು ನಾನೇ."

"ಅದೂ ಸರಿ" ಎಂದು ಅಜ್ಜಿ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

ಮಡಿಲಲ್ಲಿದ್ದ ಆ ಕೈಗಳನ್ನು ನೋಡಿ ಅಕ್ಕನಿಗೆ ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯ ಕೈ ಹಿಡಿದು ಗೇರಿನ ಹಿಡಿಯ ಮೇಲೆ ಇಟ್ಟಳು. "ಗೇರು ನೀವು ಹಾಕಿ. ಕ್ಲಚ್ ನಾನು ಒತ್ತೀನಿ."

ಹಾಗೆ ಇಳಿದರು ಇಬ್ಬರೂ. ಅಜ್ಜಿ "ಈಗ" ಎನ್ನುವಳು, ಅಕ್ಕ ಒತ್ತುವಳು, ಗೇರು ಬೆಣ್ಣೆಯಲ್ಲಿ ಜಾರಿದಂತೆ ಬೀಳುವುದು. "ಬ್ರೇಕ್ ತುಳೀತಾನೇ ಇಳಿಬೇಡ, ಕೆಳಗಿನ ಗೇರಲ್ಲಿ ಎಂಜಿನ್ನೇ ಗಾಡಿನ ಹಿಡ್ಕೊಳ್ಳುತ್ತೆ" ಎಂದಳು ಅಜ್ಜಿ. ಮುಂದೆ ಯಾವ ತಿರುವು ಇದೆಯೆಂದು ಅದು ಕಾಣಿಸುವ ಮೊದಲೇ ಅವಳ ಕೈ ಸಜ್ಜಾಗಿರುತ್ತಿತ್ತು. ಒಂದೆರಡು ಕಡೆ ಕಣ್ಣು ಮುಚ್ಚಿಕೊಂಡೇ ಇದ್ದಳೇನೋ.

ಬೆಟ್ಟದ ಬುಡದಲ್ಲಿ ಕಾವಲಿನವನು ಅವರ ಹಿಂದೆಯೇ ಅಡ್ಡಗಂಬ ಇಳಿಸಿದ. ಅಜ್ಜಿ ತಿರುಗಿ ನೋಡಲಿಲ್ಲ. ತಮ್ಮನ ಮನೆಯ ಮುಂದೆ ಇಳಿಯುವಾಗ ಅಕ್ಕನ ಕೆನ್ನೆ ಸವರಿ, "ಚೆನ್ನಾಗಿ ಓಡಿಸ್ತೀಯ. ಅಂಗಳದಲ್ಲೇ ಇರಬೇಡ" ಎಂದಳು. ಅಷ್ಟೇ.

ಬರುವಾಗ ಸುರಂಗ. ನೆಟ್ಟಗಿನ ದಾರಿ, ಬೆಳ್ಳನೆ ಬೆಳಕು. ಹಾಡೊಂದು ಮುಗಿಯುವುದರೊಳಗೆ ಬೆಟ್ಟ ಹಿಂದೆ ಬಿದ್ದಿತ್ತು.

ಅವಳು ಮನೆ ಮುಟ್ಟಿದಾಗ ಗಂಡ ಊಟಕ್ಕೆ ಕೂತಿರಲಿಲ್ಲ, ಹೊಲಿಗೆ ಯಂತ್ರದ ಮುಂದೆಯೇ ಇದ್ದ. ಅವಳು ಬಂಡೆಯ ವಿಷಯ, ಹಗ್ಗದ ವಿಷಯ ಹೇಳಿದಳು. ಅವನು ಹೂಂಗುಟ್ಟುತ್ತ ಹೊಲಿಯುತ್ತಿದ್ದ. ವಿಮಾನದ ವಿಷಯ ಬಂದಾಗ ಯಂತ್ರ ತುಳಿಯುತ್ತಿದ್ದ ಅವನ ಕಾಲು ನಿಂತಿತು.

"ಕೆಳಗಡೆನಾ?"

"ಹೂಂ. ನಮ್ಮ ಕಾಲ ಕೆಳಗೆ."

ಅವನು ಕನ್ನಡಕ ತೆಗೆದು ಬಟ್ಟೆಯ ಮೇಲಿಟ್ಟ.

"ಮೇಲಿಂದ ಹೇಗಿರುತ್ತೆ ಅದು?" ಎಂದು ಕೇಳಿದ. ಅವಳು ಅವನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು ಮೊದಲಿನಿಂದ ಶುರುಮಾಡಿದಳು.