ಎಡಗೈ ಕಡೆಯ ಸಂದು

ಹುಮನಾಬಾದಿನ ನಮ್ಮ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಟ್ರಾಲಿ, ಆಸ್ಪತ್ರೆಯ ಮಂಚ, ಗಾಲಿಕುರ್ಚಿ ತಯಾರಾಗುತ್ತವೆ. ಕಂಪ್ಯೂಟರಿನಲ್ಲಿ ನಕ್ಷೆ ತೆಗೆಯುವವರು ಉಸ್ತಾದ್; ಆ ನಕ್ಷೆಯ ವಸ್ತು ಹೊರೆ ತಡೆಯುತ್ತದೆಯೇ ಎಂದು ಇನ್ನೊಂದು ಸಾಫ್ಟ್‌ವೇರಿನಲ್ಲಿ ಪರೀಕ್ಷೆ ಮಾಡುವವಳು ನಾನು. ಈಗ ಉಸ್ತಾದ್ ಇಲ್ಲ. ಆದರೂ ಮೇಲಿನ ಸಾಲನ್ನು ತಿದ್ದಲು ನನಗೆ ಮನಸ್ಸಾಗುತ್ತಿಲ್ಲ, ಹಾಗೇ ಇರಲಿ.

ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅವರು ಕಾಗದ, ಪೆನ್ಸಿಲ್ಲಿನ ಕಾಲದವರು. ಎರಡು ಪೈಪು ಕೂಡುವಲ್ಲಿ ವೆಲ್ಡಿಂಗ್‌ಗೆಂದು ಸಣ್ಣದೊಂದು ಸಂದು ಬಿಟ್ಟೇ ಗೆರೆ ಎಳೆಯುತ್ತಿದ್ದರು. ಕಂಪ್ಯೂಟರಿಗೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ವೆಲ್ಡಿಂಗ್ ಮಾಡುವವರಿಗೆ ಅದರಿಂದ ಅನುಕೂಲ, ತಲೆನೋವೆಲ್ಲ ನನಗೆ. ಪರೀಕ್ಷೆಯ ಸಾಫ್ಟ್‌ವೇರಿಗೆ ವೆಲ್ಡಿಂಗ್ ಆಮೇಲೆ ಬರುತ್ತದೆಂದು ಏನು ಗೊತ್ತು? ಪೈಪುಗಳು ಒಂದಕ್ಕೊಂದು ತಾಗಿಯೇ ಇಲ್ಲವೆಂದುಕೊಂಡು, ಹೊರೆ ಹಾಕಿದ ಕೂಡಲೇ ಮಂಚವೋ ಕುರ್ಚಿಯೋ ಬಿಡಿಬಿಡಿಯಾಗಿ ಪರದೆಯ ತುಂಬ ಚೆಲ್ಲಾಪಿಲ್ಲಿಯಾಗುತ್ತಿತ್ತು.

"ಊರಿಗೊಂದು ದಾರಿ ಆದ್ರ ನಿಮಗೊಂದು ದಾರಿ ನೋಡ್ರಿ ಉಸ್ತಾದ್," ಎಂದು ನಾನು ರೇಗುತ್ತಿದ್ದೆ.

"ವೆಲ್ಡಿಂಗ್ ಕೂಡ್ಲಿಕ್ಕಿ ಜಾಗಾ ಬ್ಯಾಡೇನು ಬೇಟಾ?" ಎಂದು ಅವರೂ ರೇಗುತ್ತಿದ್ದರು. ಆಮೇಲೆ ತಮ್ಮ ಮೇಜು ಬಿಟ್ಟು ಎದ್ದು ಬಂದು, ಗೊಣಗುತ್ತಲೇ ಒಂದೊಂದು ಸಂದನ್ನೂ ಮುಚ್ಚಿಕೊಡುತ್ತಿದ್ದರು.

ಈಚೆಗೆ ನಮ್ಮಲ್ಲಿಗೆ ಎಐ ಏಜೆಂಟ್ ಬಂತು. ಆಗಬೇಕಾದ್ದನ್ನು ಟೈಪ್ ಮಾಡಿದರೆ ಸಾಕು, ಅದೇ ನಕ್ಷೆಯ ಫೈಲನ್ನು ತೆರೆದು, ದೋಷ ಹುಡುಕಿ ಸರಿಪಡಿಸಿ, ಪರೀಕ್ಷೆಯ ಸಾಫ್ಟ್‌ವೇರಿಗೆ ಒಯ್ದು ಕೂರಿಸುತ್ತದೆ. ಅದು ಬಂದ ಕೆಲವೇ ವಾರಗಳಲ್ಲಿ, ಎದೆ ನೋಯುತ್ತಿದೆಯೆಂದು ಮನೆಗೆ ಹೋದ ಉಸ್ತಾದ್ ತಿರುಗಿ ಬರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಗೊತ್ತು. ಆದರೂ ಆ ಏಜೆಂಟನ್ನು ಕಂಡರೆ ನನಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು.

ಉಸ್ತಾದ್ ಕೊನೆಯದಾಗಿ ಬರೆದ ನಕ್ಷೆ ಶೆಡ್ಡಿನ ಕೆಲಸದ್ದಲ್ಲ, ತಮ್ಮ ಹೆಂಡತಿಗೆಂದು ಗಾಲಿಯಿರುವ ಒಂದು ಸ್ನಾನದ ಕುರ್ಚಿಯದು. ನಾನು ಚಾಚಿ ಎಂದು ಕರೆಯುವ ಅವರಿಗೆ ಲಕ್ವಾ ಹೊಡೆದು ಮೈಯ ಎಡಭಾಗ ಬಿದ್ದುಹೋಗಿದೆ. ಮಂಚದಿಂದ ಎತ್ತಿ ಬಚ್ಚಲಿಗೆ ಒಯ್ಯುತ್ತಿದ್ದವರು ಉಸ್ತಾದರೇ. ಅವರು ಹೋದ ಮೇಲೆ ಮಗಳೊಬ್ಬಳ ಕೈಲಾಗದೆ, ಮಲಗಿದಲ್ಲೇ ಒದ್ದೆ ಬಟ್ಟೆಯಿಂದ ಮೈ ಒರೆಸುವುದಷ್ಟೇ ನಡೆದಿತ್ತು. ಮಗಳು ಫೋನಿನಲ್ಲಿ ಕೇಳಿದ್ದು ಒಂದೇ ಮಾತು. "ಅಕ್ಕಾ, ಅಬ್ಬಾ ಬರ್ದ ಕುರ್ಚಿ ಮಾಡಿಸಿಕೊಡ್ರಿ. ಮೈತುಂಬ ನೀರ್ ಹಾಕು ಅಂತ ಅಮ್ಮಿ ದಿನಾ ಕೇಳಾಕತ್ತಾಳ."

ಫೈಲನ್ನು ಏಜೆಂಟಿಗೆ ಕೊಟ್ಟೆ. ಪೈಪುಗಳು ಎಲ್ಲೂ ಒಂದಕ್ಕೊಂದು ತಾಗಿಲ್ಲ, ಸಂದುಗಳನ್ನು ಮುಚ್ಚಲೇ ಎಂದು ಕೇಳಿತು. ನನಗೆ ನಗು ಬಂತು, ಅದರ ಬೆನ್ನಿಗೇ ಅಳು. ಮುಚ್ಚು ಎಂದೆ. ಉಸ್ತಾದ್ ಅರ್ಧ ದಿನ ಗೊಣಗಿಕೊಂಡು ಮಾಡುತ್ತಿದ್ದ ಕೆಲಸ ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮುಗಿದುಹೋಗಿತ್ತು. ಒಂದು ಸಂದನ್ನು ಮಾತ್ರ ಅದು ಮುಟ್ಟಿರಲಿಲ್ಲ. ಎಡಗೈ ಇಡುವ ಪೈಪಿಗೂ ಹಿಂದಿನ ಕಂಬಕ್ಕೂ ನಡುವಿನದು ಉಳಿದವಕ್ಕಿಂತ ಅಗಲವಿದೆ. ಇದು ತಪ್ಪೋ, ಅಥವಾ ಈ ಪೈಪು ಬಾಗಿಲಿನಂತೆ ತೆರೆಯಬೇಕೋ, ನೀವೇ ಹೇಳಬೇಕು ಎಂದಿತ್ತು.

ಕೂಗಿ ಕೇಳೋಣವೆಂದರೆ ಆಚೆಯ ಮೇಜು ಖಾಲಿ. ಸ್ವಾಧೀನವಿಲ್ಲದ ಕಡೆಗೇ ಕುರ್ಚಿ ತೆರೆದರೆ ಚಾಚಿ ಅತ್ತಲೇ ವಾಲಿ ಬೀಳುವ ಭಯ. ಅಷ್ಟು ತಿಳಿಯದ ಮನುಷ್ಯನಲ್ಲ ಅವರು. ಹಾಗಾದರೆ ಯಾಕೆ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಮರುದಿನ ಲ್ಯಾಪ್‌ಟಾಪ್ ಹೊತ್ತು ಬಸ್ಸು ಹತ್ತಿದೆ. ಹೆದ್ದಾರಿಯ ಬಂಗ್ಲಾ ಕ್ರಾಸಿನಲ್ಲಿ ಇಳಿದು, ಶೇರ್ ಆಟೊದಲ್ಲಿ ಬಸವಕಲ್ಯಾಣದ ಅವರ ಮನೆಗೆ ಹೋದೆ. ಚಾಚಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಪರದೆಯಲ್ಲಿ ಕುರ್ಚಿಯನ್ನು ತಿರುಗಿಸಿ ತೋರಿಸಿ, "ಚಾಚಿ, ಎಡಗಡಿ ಪೈಪ್ ಯಾಕ ಬಿಚ್ಚಂಗ ಬರ್ದಾರ್ರಿ?" ಎಂದೆ.

ಅವರು ಬಲಗೈ ಚಾಚಿ ಪರದೆಯ ಮೇಲಿನ ಆ ಪೈಪನ್ನು ಮುಟ್ಟಿದರು. ಮಾತು ಈಗ ತುಸು ತೊದಲುತ್ತದೆ. "ಅವರು ಈ ಕಡಿಂದೇ ಬರ್ತಿದ್ರು. ಸತ್ತ ಕೈ ತಮ್ಮ ಹೆಗಲಿಗಿ ಹಾಕ್ಕೊಂಡು ಎತ್ತತಿದ್ರು. ಇದ್ದ ಕೈ ನೀ ಸಂಭಾಳಿಸು, ಇದು ನನ್ನ ಪಾಲಿಂದು ಅಂತಿದ್ರು."

ಆ ಪೈಪು ತೆರೆಯಬೇಕಾಗಿದ್ದದ್ದು ಉಸ್ತಾದರಿಗಾಗಿ, ಅವರು ಅತ್ತಲಿಂದಲೇ ಕೂರಿಸಿ ಎತ್ತಲೆಂದು. ಬಾಗಿಲಲ್ಲಿ ನಿಂತಿದ್ದ ಮಗಳನ್ನು, ನೀನು ಹೇಗೆ ಕೂರಿಸುತ್ತೀ ಎಂದು ಕೇಳಿದೆ. ಅಮ್ಮಿ ಬಲಗೈಯಿಂದ ಕುತ್ತಿಗೆ ಹಿಡಿದುಕೊಂಡರೆ ಎದುರಿನಿಂದ ಕೂರಿಸಬಲ್ಲೆ, ಎಡಕ್ಕೆ ವಾಲಿದರೆ ಮಾತ್ರ ತಡೆಯಲಾರೆ ಎಂದಳು. ಪೈಪು ತೆರೆಯದಂತೆ ಮಾಡಬೇಕೆಂದು ನನಗೆ ಅರ್ಥವಾಯಿತು. ಆದರೆ ಉಸ್ತಾದ್ ಬೇಕೆಂದೇ ಬಿಟ್ಟಿದ್ದನ್ನು ಮುಚ್ಚಲು ನನಗೆ ಕೈ ಬರಲಿಲ್ಲ.

"ಮುಚ್ಚಿಬಿಡು ಬೇಟಾ," ಎಂದರು ಚಾಚಿಯೇ. "ಆ ಕಡಿಂದ ಬರೋರು ಈಗ ಯಾರಿದ್ದಾರ?"

ಮುಚ್ಚು ಎಂದು ಟೈಪ್ ಮಾಡಿದೆ. ಏಜೆಂಟ್ ಮುಚ್ಚಿತು, ಹೊರೆ ಹಾಕಿ ನೋಡಿತು, ಕುರ್ಚಿ ಗಟ್ಟಿಯಾಗಿದೆ ಎಂದಿತು.

"ಆಯ್ತೇನು?"

"ಆಯ್ತ್ರಿ ಚಾಚಿ."

ಚಾಚಿ ಹಾಸಿಗೆಯ ಮೇಲೆ ಬಿದ್ದಿದ್ದ ಎಡಗೈಯನ್ನು ಬಲಗೈಯಿಂದ ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು.