ಮೊಯಿದಿನಬ್ಬನ ಹಸಿರಕ್ಷರದ ಕಂಪ್ಯೂಟರ್

ಬಂಟ್ವಾಳ ಪೇಟೆಯಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಮೊಯಿದಿನಬ್ಬನಿಗೆ ಒಂದು ಹುಚ್ಚಿತ್ತು. ಬೇರೆಯವರು ಎಸೆದ ಹಳೇ ಕಂಪ್ಯೂಟರ್ ತಂದು ಜೀವ ಬರಿಸುವುದು. ಮಾರುವುದಿಲ್ಲ, ಬಳಸುವುದಿಲ್ಲ, ಮತ್ತೆ ಯಾಕೆ? ಪಕ್ಕದಂಗಡಿಯಲ್ಲಿ ಬಟ್ಟೆ ಹೊಲಿಯುವ ನಾನು ಕೇಳಿ ಸುಸ್ತಾಗಿದ್ದೆ. "ನಿಂತದ್ದು ಓಡಬೇಕು, ಅಷ್ಟೇ" ಎನ್ನುತ್ತಿದ್ದ.

೧೯೯೯ರಲ್ಲಿ, ಎರಡು ಸಾವಿರ ಇಸವಿ ಬಂದರೆ ಕಂಪ್ಯೂಟರ್‌ಗಳೆಲ್ಲ ಕೆಡುತ್ತವೆಂಬ ಗುಲ್ಲೆದ್ದು ಆಫೀಸಿನವರು ಹಳೆಯದನ್ನು ಹೊರಹಾಕತೊಡಗಿದರು. ಮೊಯಿದಿನಬ್ಬನ ಬಾಲ್ಯದ ಗೆಳೆಯ, ಸಿದ್ಧಕಟ್ಟೆಯ ಗುರುವಪ್ಪ, ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಅಲ್ಲಿಂದ ಒಂದನ್ನು ರಿಕ್ಷಾದಲ್ಲಿ ಹೇರಿಕೊಂಡು ಬಂದ. ಎಂಬತ್ತರ ದಶಕದ್ದು. ಕೀಬೋರ್ಡ್ ಇಲ್ಲ, ಒಳಗೆ ಇರುವೆ ಗೂಡು.

ಐದು ವರ್ಷ ಮೊಯಿದಿನಬ್ಬ ಅದರ ಹಿಂದೆ ಬಿದ್ದ. ಒಳಗಿನ ಬೋರ್ಡನ್ನು ಸ್ಪಿರಿಟ್ ಹಾಕಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದ. ವಾಚಿನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ತುಂಡಾದ ತಾಮ್ರದ ಗೆರೆಗಳನ್ನು ಒಂದೊಂದಾಗಿ ಬೆಸೆದ. ಕೀಬೋರ್ಡನ್ನು ದುಬೈಯಲ್ಲಿದ್ದ ಭಾವಮೈದ ಗುಜರಿಯಲ್ಲಿ ಹುಡುಕಿ ಕಂಬಳಿಯಲ್ಲಿ ಸುತ್ತಿ ತಂದ. ಹೆಂಡತಿ ಝೈನಬ್ ಪಿಂಗಾಣಿ ಪಾತ್ರೆಗೆಂದು ಮಾಡಿಸಿದ ಶೋಕೇಸು ಬಿಡಿಭಾಗಗಳ ಪಾಲಾಯಿತು. "ನಾನು ಹಾಳಾದ್ರೆ ಹೀಗೆ ರಿಪೇರಿ ಮಾಡ್ತೀರಾ?" ಎಂದು ಅವಳು ಕೇಳುತ್ತಿದ್ದಳು. ಗುರುವಪ್ಪ ವಾರಕ್ಕೊಮ್ಮೆ ಬಂದು ಸ್ಕ್ರೂ ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದ.

೨೦೦೪ರಲ್ಲಿ ಪರದೆಯ ಮೇಲೆ ಹಸಿರು ಅಕ್ಷರ ಮೂಡಿದಾಗ ಇಬ್ಬರೂ ತಬ್ಬಿಕೊಂಡರು. ಅಷ್ಟು ವರ್ಷ ಅವನ ಹುಚ್ಚಿಗೆ ನಕ್ಕಿದ್ದ ನನಗೆ ನಾಚಿಕೆಯಾಯಿತು.

ಎರಡು ವರ್ಷ ಕಳೆದು ಗುರುವಪ್ಪನ ಅಕ್ಕನ ಮಗ ಉಜ್ವಲ್ ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕಲಿಸುವ ಸೆಂಟರ್ ತೆರೆದ. ಉದ್ಘಾಟನೆಗೆ ಬಂದವರಿಗೆ ತೋರಿಸಲು ಆ ಹಳೇ ಕಂಪ್ಯೂಟರ್ ಬೇಕಂತೆ. ಅವರದು ಅಳಿಯಕಟ್ಟಿನ ಮನೆ, ಮಾವನ ಆಸ್ತಿ ಅಕ್ಕನ ಮಗನಿಗೆ. ಅಕ್ಕನ ಮಗ ಕೇಳಿದರೆ ಮಾವನ ಬಾಯಲ್ಲಿ 'ಇಲ್ಲ' ಬರುವುದಿಲ್ಲ.

"ಒಂದು ವಾರ ಮಾರಾಯ. ನಾನಿದ್ದೇನಲ್ಲ" ಎಂದ ಗುರುವಪ್ಪ.

"ಒಂದು ಸ್ಕ್ರೂ ಮುಟ್ಟಬಾರದು" ಎಂದ ಮೊಯಿದಿನಬ್ಬ. ಗುರುವಪ್ಪ ಕೈ ಹಿಡಿದು ಒಪ್ಪಿದ.

ಉದ್ಘಾಟನೆಗೆ ನಾನೂ ಮೊಯಿದಿನಬ್ಬನೂ ಹೋದೆವು. ಬಾಗಿಲಲ್ಲೇ ಆ ಪೆಟ್ಟಿಗೆ, ಅದರ ಮೇಲೆ ಹೊಸ ಕಲರ್ ಮಾನಿಟರ್. ಪೆಟ್ಟಿಗೆಯಿಂದ ಹಾಡು ಬರುತ್ತಿತ್ತು. ಬರೀ 'ಬೀಪ್' ಎನ್ನಲು ಬರುತ್ತಿದ್ದ ಯಂತ್ರ ಹಾಡುವುದೆಂದರೇನು? ಮೊಯಿದಿನಬ್ಬ ಜೇಬಿನ ಸ್ಕ್ರೂಡ್ರೈವರ್ ತೆಗೆದು ಮುಚ್ಚಳ ಬಿಚ್ಚಿದ. ಅವನು ಬೆಸೆದ ಬೋರ್ಡ್ ಇರಲಿಲ್ಲ. ಹೊಸತೊಂದನ್ನು ತಂತಿಯಲ್ಲಿ ಕಟ್ಟಿ ಕೂರಿಸಿದ್ದರು.

"ಹಳೇದನ್ನು ಗುಜರಿಯವ ಕೊಂಡುಹೋದ. ಹಸಿರು ಅಕ್ಷರ ಯಾರು ನೋಡ್ತಾರೆ? ನನಗೆ ಬಿಚ್ಚಲಿಕ್ಕೆ ಗೊತ್ತಾಗಲಿಲ್ಲ, ಮಾವನೇ ಬಿಚ್ಚಿಕೊಟ್ಟದ್ದು" ಎಂದ ಉಜ್ವಲ್.

ನಾನಾಗಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದೆ. ಐದು ವರ್ಷ ಪಕ್ಕದಲ್ಲಿ ಕೂತು ಕಲಿತ ವಿದ್ಯೆಯನ್ನು ಇದಕ್ಕಾ ಬಳಸುವುದು? ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ. ಮೊಯಿದಿನಬ್ಬ ಮುಚ್ಚಳವಿಟ್ಟು ನಾಲ್ಕೂ ಸ್ಕ್ರೂ ಬಿಗಿ ಮಾಡಿದ.

"ಪೆಟ್ಟಿಗೆ ಹೊರಗೆ ಹಾಗೇ ಉಂಟಲ್ಲ ಮಾರಾಯ" ಎಂದ ಗುರುವಪ್ಪ, ನೆಲ ನೋಡುತ್ತ.

"ಹೌದು. ನೀನೂ ಹೊರಗೆ ಹಾಗೇ ಇದ್ದಿ."

ಗುರುವಪ್ಪ ಈಗಲೂ ವಾರಕ್ಕೊಮ್ಮೆ ಅಂಗಡಿಗೆ ಬಂದು ಕೂರುತ್ತಾನೆ. ಮೊಯಿದಿನಬ್ಬ ಚಾ ತರಿಸುತ್ತಾನೆ. ಬಿಚ್ಚಿದ ಸ್ಕ್ರೂ ಮಾತ್ರ ಅವನ ಕೈಗೆ ಕೊಡುವುದಿಲ್ಲ.