ಗಾಳಿಯೊಳಗಿನ ಗುಂಡಿ

ಮೊನ್ನೆ ಮೊಮ್ಮಗಳು ಶಾಲೆಯ ಯಾವುದೋ ಚಾರ್ಟು ಅಂಟಿಸಲು ಮೈದಾ ಅಂಟು ಕಾಯಿಸಿಕೊಡು ಅಂದಳು. ಒಲೆಯ ಮೇಲೆ ಅಂಟು ಕುದಿಯುತ್ತಲೇ ಆ ಹಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು, ನನ್ನ ಕೈ ನಿಂತುಹೋಯಿತು. ಅಂಟು ತಳ ಹಿಡಿಯಿತು, ಮೊಮ್ಮಗಳು ಬೈದಳು. ಬೈಯಲಿ ಬಿಡಿ... ನಾನಾಗಲೇ ಮಳವಳ್ಳಿಯ ಆ ಬೀದಿಗೆ ಹೋಗಿಬಿಟ್ಟಿದ್ದೆ, ಪಕ್ಕದ ಮನೆ ಸಾಬರ ಜಗಲಿಗೆ.

ಯುದ್ಧದ ಕಾಲ. ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸತು. ಗಂಡನಿಗೆ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುವವರು. ಅತ್ತೆಯ ಮುಖ ನೋಡಿಕೊಂಡು ಕೂತು ಕೂತು ನನಗೆ ತಲೆ ಕೆಟ್ಟುಹೋಗುತ್ತಿತ್ತು. ಅದಕ್ಕೇ ಸಾಬರ ಚಡಪಡಿಕೆ ನನಗೆ ಬೇಗ ಕಣ್ಣಿಗೆ ಬಿತ್ತೇನೋ.

ಸಾಬರು ಕೊಡೆ ರಿಪೇರಿ ಮಾಡುವವರು. ಆಷಾಢ ಬಂತೆಂದರೆ ಗಾಳಿಪಟ ಕಟ್ಟಿ ಮಾರುವವರು. ಹೆಂಡತಿ ತೀರಿಕೊಂಡಿದ್ದಳು, ಇದ್ದೊಬ್ಬ ಮಗ ವಿಮಾನದ ದಂಡಿಗೆ ಸೇರಿದ್ದ. ರಜೆಗೆ ಬಂದಾಗ ಅವನು ಒಂದು ಮಾತು ಹೇಳಿದ. ಬಯಲ ಮೇಲೆ ವಿಮಾನ ಚೆನ್ನಾಗಿಯೇ ಹೋಗುತ್ತದಂತೆ, ಗುಡ್ಡಗಳ ಹತ್ತಿರ ಮಾತ್ರ ಇದ್ದಕ್ಕಿದ್ದಂತೆ ಗುಂಡಿಗೆ ಬಿದ್ದ ಹಾಗೆ ಕುಸಿಯುತ್ತದಂತೆ, ಕಣ್ಣಿಗೆ ಏನೂ ಕಾಣುವುದಿಲ್ಲವಂತೆ. ಮಗನನ್ನು ಮದ್ದೂರಿನಲ್ಲಿ ರೈಲು ಹತ್ತಿಸಿ ಬಂದ ಸಾಬರು ಮನೆ ಬಾಗಿಲು ಕೂಡ ತೆಗೆಯಲಿಲ್ಲ. ನೆಟ್ಟಗೆ ಊರಾಚೆಯ ಬೆಟ್ಟಕ್ಕೆ ಹೋದರು.

“ನಲವತ್ತು ವರ್ಸದಿಂದ ಗಾಳಿ ಜೊತೆ ಬದುಕ್ತಾ ಇವ್ನಿ ಕಣವ್ವ. ಆ ಗುಂಡಿ ಎಲ್ಲದೆ ಅಂತ ಕಂಡಿಡೀದೆ ಬುಡಾಕಿಲ್ಲ. ಮಗ ಬಂದ್ರೆ ಅವ್ನ್ಗೆ ಏಳ್ಬೇಕಲ್ಲ,” ಅಂದರು ಇಳಿದು ಬಂದ ಮೇಲೆ.

ಅವತ್ತಿನಿಂದ ಶುರುವಾಯಿತು ನೋಡಿ! ಪಟದ ದಾರಕ್ಕೆ ಉದ್ದಕ್ಕೂ ಬಟ್ಟೆಚೂರು ಕಟ್ಟುವರು. ಯಾವ ಎತ್ತರದಲ್ಲಿ ಗಾಳಿ ಯಾವ ಕಡೆಗೆ ಎಳೆಯುತ್ತದೆ ಅಂತ ಆ ಚೂರುಗಳು ತೋರಿಸಬೇಕು. ದೂರಕ್ಕೂ ಕಾಣಲಿ ಅಂತ ನಾನೇ ನನ್ನ ಹಳೆಯ ಕೆಂಪು ಸೀರೆ ಹರಿದು ಕೊಟ್ಟೆ. ಅತ್ತೆ ಮೂರು ದಿನ ಮಾತು ಬಿಟ್ಟರು. ಪಟ ಹರಿದು ಬರುವುದು, ಸಾಬರು ಅಂಟು ಕಾಯಿಸುವುದು, ಮತ್ತೆ ಬೆಟ್ಟ ಹತ್ತುವುದು. ಉಂಡರೋ ಇಲ್ಲವೋ, ಕೇಳುವವರಿಲ್ಲ.

ಆಷಾಢ ಕಳೆದು ಶ್ರಾವಣವೂ ಮುಗಿಯಿತು, ಪಟ ಇಳಿಯಲಿಲ್ಲ. ಆ ವರ್ಷ ಮಳೆ ಬೇರೆ ಕೈಕೊಟ್ಟಿತು. ಪಟೇಲರು ಜಗಲಿಗೇ ಬಂದು ದಾರದ ಉಂಡೆ ಕಿತ್ತು ಬೀದಿಗೆ ಎಸೆದರು. “ಒತ್ತಲ್ಲದ ಒತ್ನಲ್ಲಿ ಪಟ ಬುಟ್ರೆ ಮೋಡ ನಿಂತಾವಾ? ಸಾಕ್ಮಾಡು ಸಾಬಾ!” ಸಾಬರು ಬೀದಿಗೆ ಇಳಿದು ಮಣ್ಣು ಕೊಡವಿ ದಾರ ಸುತ್ತಿಕೊಂಡರು. ಮಾರನೆಯ ದಿನ ಬೆಳಗ್ಗೆ ಮತ್ತೆ ಬೆಟ್ಟ.

ಕೊನೆಗೆ ಗುಂಡಿ ಸಿಕ್ಕಿತು. ಗಾಳಿ ಬಂದು ಬಡಿಯುವ ಪಡುವಲ ಕಡೆ ಚೂರುಗಳೆಲ್ಲ ಮೇಲಕ್ಕೇಳುತ್ತಿದ್ದವು. ನೆತ್ತಿ ದಾಟಿ ಮೂಡಲ ಇಳಿಜಾರಿನ ಮೇಲೆ ಹೋದ ಪಟ ಮಾತ್ರ ದೊಪ್ಪನೆ ಕುಸಿಯುತ್ತಿತ್ತು, ಕೆಳಗಿನ ಚೂರುಗಳು ಹಿಂದಕ್ಕೆ, ಬೆಟ್ಟದ ಕಡೆಗೇ ತಿರುಗಿಕೊಳ್ಳುತ್ತಿದ್ದವು. “ಬೆಟ್ಟ ಎದ್ರುಗಿದ್ದಾಗ ಅಲ್ಲ ಕಣವ್ವ. ದಾಟ್ಬುಟ್ಟೆ ಅಂತ ಉಸ್ರು ಬುಡ್ತೀವಲ್ಲ, ಅಲ್ಲೇ ಅದೆ ಗುಂಡಿ,” ಅಂದರು ಸಾಬರು. ಇನ್ನು ಮಗ ಬದುಕಿ ಬಂದರೆ ಸಾಕಿತ್ತು, ಇದನ್ನು ಅವನ ಕಿವಿಗೆ ಹಾಕಬೇಕಿತ್ತು. ಬೀದಿಯಲ್ಲಿ ಬೂಟಿನ ಸದ್ದಾದರೆ ಎದ್ದು ನಿಲ್ಲುವರು...

ಯುದ್ಧ ಮುಗಿದ ಮೇಲೆ ಮಗ ಬಂದ. ಒಣಗಿಹೋಗಿದ್ದ, ಕಣ್ಣು ಗುಳಿಬಿದ್ದಿದ್ದವು. ಅವತ್ತು ಸಂಜೆಯೇ ಸಾಬರು ಜಗಲಿಯ ಮೇಲೆ ಕುಕ್ಕೆ ಬೋರಲು ಹಾಕಿ ಇದೇ ಬೆಟ್ಟ ಅಂದುಕೋ ಎಂದು, ಬೀಡಿ ಹೊಗೆ ಊದಿ ಊದಿ ತೋರಿಸಿದರು. ಮಗ ಅಲುಗಾಡದೆ ನೋಡಿದ. “ಇನ್ನೊಂದ್ಸಲ ತೋರ್ಸು ಅಬ್ಬಾ,” ಅಂದ. ಮತ್ತೆ ಇನ್ನೊಂದು ಸಲ.

ಮರುದಿನ ಬಾವಿಕಟ್ಟೆಯಲ್ಲಿ ಸಿಕ್ಕಿದ. “ಇನ್ನಾದ್ರೂ ಉಸಾರಾಗಿ ಆರುಸ್ತೀಯೇನಪ್ಪಾ ಇಮಾನವ?” ಅಂದೆ.

“ಅಕ್ಕಾ, ನಾನು ಒಂದಿನಾನೂ ಆರಿಲ್ಲ. ಕೆಳಗೆ ನಿಂತ್ಕಂಡು ಬೋಲ್ಟು ಬಿಗಿಯೋನು. ಗುಂಡಿ ಇಚಾರ ಇಮಾನ ಆರ್ಸೋರು ನಂಗೆ ಏಳಿದ್ದು.”

ನನಗೆ ಮೈಯೆಲ್ಲ ಉರಿದುಹೋಯಿತು. ಆ ಮುದುಕ ಊರ ಬಾಯಿಗೆ ಬಿದ್ದು, ಬಿಸಿಲಲ್ಲಿ ಬೆಟ್ಟ ಹತ್ತಿ ಇಳಿದು ಸವೆದಿದ್ದು ಇದಕ್ಕಾ? ಉಗಿಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಹೇಳಿದ.

“ನಾನು ಬಿಗುದ್ ಕಳ್ಸಿದ್ದ ಇಮಾನ ಗುಡ್ಡ ದಾಟ್ತಲೇ ಬಿದ್ದೋಯ್ತು ಅಕ್ಕಾ. ಇಬ್ರು ಸತ್ರು. ನಂದೇ ಯಾವ್ದೋ ಬೋಲ್ಟು ಸಡ್ಲ ಇತ್ತು ಅಂತ ಅವತ್ನಿಂದ ಕಣ್ಗೆ ನಿದ್ದೆ ಅತ್ತಿಲ್ಲ. ಯಾರ್ಗೂ ಏಳಿಲ್ಲ. ನೆನ್ನೆ ಅಬ್ಬ ತೋರುಸ್ದಾಗ... ಗಾಳಿನೇ ಇರ್ಬೋದಲ್ವಾ ಅಕ್ಕಾ?”

ನನಗೇನು ಗೊತ್ತು? ನಾನು ವಿಮಾನವನ್ನೇ ಹತ್ತಿರದಿಂದ ಕಂಡವಳಲ್ಲ. “ಗಾಳಿನೇ ಕಣಪ್ಪಾ,” ಅಂದೆ. ಕೊಡ ಎತ್ತಿಕೊಂಡು ಬಂದುಬಿಟ್ಟೆ.

ಅವತ್ತು ಅವನು ಜಗಲಿಯ ಮೇಲೆ ಸಂಜೆಯವರೆಗೂ ಮಲಗಿದ್ದ, ಬಾಯಿ ತೆರೆದುಕೊಂಡು, ಮಗುವಿನ ಹಾಗೆ. ಸಾಬರು ಬೀಸಣಿಗೆಯಲ್ಲಿ ನೊಣ ಓಡಿಸುತ್ತಾ, ಗಲಾಟೆ ಮಾಡಬೇಡಿ ಎಂದು ಬೀದಿಗೆಲ್ಲ ಕೈಸನ್ನೆ ಮಾಡುತ್ತಾ ಕೂತಿದ್ದರು. ಮಗ ಹಾರುತ್ತಾನೆ ಅಂತಲೇ ಕೊನೆಯವರೆಗೂ ನಂಬಿದ್ದರು. ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಅಪ್ಪನೂ ಇಲ್ಲ, ಮಗನೂ ಇಲ್ಲ. ನನಗೆ ಮಾತ್ರ ಕಷ್ಟ ಕಳೆಯಿತು ಅನ್ನುವ ಹೊತ್ತಿಗೇ ಎದೆ ಡವಗುಟ್ಟುವುದು ಹೋಗಿಲ್ಲ. ಮಗಳ ಹೆರಿಗೆ ಸುಸೂತ್ರವಾಯಿತು ಅಂದ ದಿನ ಎಲ್ಲರೂ ಸಕ್ಕರೆ ಹಂಚುತ್ತಿದ್ದರೆ ನಾನು ಆಸ್ಪತ್ರೆಯ ವರಾಂಡದಲ್ಲಿ ಶತಪಥ ಹಾಕುತ್ತಿದ್ದೆ. ಮೊನ್ನೆ ತಳ ಹಿಡಿದ ಪಾತ್ರೆ ಉಜ್ಜುವಾಗಲೂ ಅದೇ ಯೋಚನೆ. ಅವತ್ತು ಗಾಳಿನೇ ಅಂದೆನಲ್ಲ, ನಿಜವಾಗಿ ಗಾಳಿಯೋ, ಬೋಲ್ಟೋ... ಸಾಬರನ್ನು ಕೇಳಿದ್ದರೆ ಹೇಳುತ್ತಿದ್ದರು. ಕೇಳಲು ಹೋಗಿದ್ದರೆ ಮಗ ಹಾರುವವನಲ್ಲ ಅಂತಲೂ ಹೇಳಬೇಕಾಗುತ್ತಿತ್ತು.